ಬಡಿಗೇರ ಸರ್ ನೋಡಿದ ಜಾಗ

ನಾವು ನೋಡದ ಜಾಗವನ್ನೇ ಹುಡುಕಿ, ಅಲ್ಲೇ ತನ್ನ ಬಿರುಕನ್ನು ಬಚ್ಚಿಟ್ಟುಕೊಳ್ಳುವ ವಿಮಾನವೊಂದಿದ್ದರೆ?

ಇಂಥ ತಲೆಹರಟೆ ಪ್ರಶ್ನೆಗಳನ್ನು ಕೇಳಿಕೊಳ್ಳುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಹುಬ್ಬಳ್ಳಿಯ ಹೊರಗೆ, ಹತ್ತಿ ಹೊಲಗಳ ಪಕ್ಕದಲ್ಲಿ ಇರುವ ವಿಮಾನ ದುರಸ್ತಿ ತರಬೇತಿ ಶಾಲೆಯಲ್ಲಿ ನಾನು, ಮಂದಾಕಿನಿ, ಕಲಿಕೆಯ ಯಂತ್ರಗಳನ್ನು ಕಟ್ಟುವ ಎಂಜಿನಿಯರು. ಇಲ್ಲಿ ಕಲಿಯುವವರು ವಿಮಾನ ಹಾರಿಸುವವರಲ್ಲ. ಹಾರುವ ಮುಂಚೆ ಅದರ ಮೈಯನ್ನೆಲ್ಲ ತಡವಿ ನೋಡಿ, ಹಾರಬಹುದು ಎಂದು ಸಹಿ ಹಾಕುವವರು. ಆ ಸಹಿಯನ್ನು ನಂಬಿಕೊಂಡು ಜನ ಮೋಡದ ಮೇಲೆ ಕೂತು ಆರಾಮಾಗಿ ನಿದ್ದೆ ಮಾಡುತ್ತಾರೆ. ಸಹಿ ಹಾಕಿದವರಿಗೆ ಮಾತ್ರ ಅಷ್ಟು ಸುಲಭವಾಗಿ ನಿದ್ದೆ ಬರಬಾರದು ಎನ್ನುವುದು ಬಡಿಗೇರ ಸರ್ ಪಾಠದ ಸಾರ.

ನಾನು ಕಟ್ಟಿದ ವಿಮಾನಕ್ಕೆ ಹುಡುಗರು ಇಟ್ಟ ಹೆಸರು ಕಿಲಾಡಿ. ಹ್ಯಾಂಗರಿನ ಮೂಲೆಯಲ್ಲಿ ನಿಂತಿದ್ದ, ಇನ್ನೆಂದೂ ಹಾರದ ಹಳೆಯ ವಿಮಾನ ಅದು. ಅದರ ಮೈಗೆಲ್ಲ ತೆಳ್ಳನೆಯ ಪೊರೆ ಹಚ್ಚಿದ್ದೆ. ಆಜ್ಞೆ ಕೊಟ್ಟರೆ ಆ ಪೊರೆ ಎಲ್ಲಿ ಬೇಕಾದರೂ ಬಿರುಕು ತೋರಿಸುತ್ತದೆ, ತುಕ್ಕು ತೋರಿಸುತ್ತದೆ, ಎಣ್ಣೆ ಜಿನುಗಿದಂತೆ ಹೊಳೆಯುತ್ತದೆ. ಕೈಯಿಂದ ಮುಟ್ಟಿದರೂ ಮೋಸ ಗೊತ್ತಾಗುವುದಿಲ್ಲ. ವಿದ್ಯಾರ್ಥಿಗಳು ಹಾಕಿಕೊಳ್ಳಲು ಒಂದು ನೋಟದ ಕನ್ನಡಕವನ್ನೂ ಮಾಡಿದ್ದೆ. ಅದು ಕಣ್ಣು ಎಲ್ಲಿ ತಿರುಗಿತು ಎನ್ನುವುದನ್ನಷ್ಟೇ ಗುರುತು ಹಾಕಿಕೊಳ್ಳುವುದಿಲ್ಲ. ಕಿವಿಯ ಮೇಲೆ ಒತ್ತಿ ಕೂರುವ ಅದರ ಪಟ್ಟಿ, ಕಂಡದ್ದು ಮನಸ್ಸಿಗೆ ತಾಕಿತೋ ಇಲ್ಲವೋ ಎನ್ನುವುದನ್ನೂ ಮೆದುಳಿನ ಸಣ್ಣ ಮಿಡಿತದಿಂದ ಹಿಡಿಯುತ್ತದೆ. ಮನಸ್ಸಿಗೆ ತಾಕಿದ ಜಾಗ ಕಂಟ್ರೋಲ್ ರೂಮಿನ ಪರದೆಯ ಮೇಲೆ ಹಸಿರು. ಕಣ್ಣು ಹೋಗಿಯೂ ಮನಸ್ಸು ಹೋಗದ ಜಾಗ ಬೂದಿ ಬಣ್ಣ. ಮಾರನೆಯ ದಿನ ಕಿಲಾಡಿ ತನ್ನ ಬಿರುಕನ್ನು ಅವರವರ ಬೂದಿಯಲ್ಲೇ ಇಡುತ್ತದೆ.

ಮೊದಮೊದಲು ಇಡೀ ತರಗತಿ ಸೋತಿತು. ಬಗ್ಗಲು ಬೇಸರಪಡುವ ಹುಡುಗನಿಗೆ ಹೊಟ್ಟೆಯಡಿಯಲ್ಲಿ ಬಿರುಕು. ಊಟದ ಗಂಟೆಗೆ ಕಿವಿ ಕೊಟ್ಟು ನಿಂತವನಿಗೆ ಕೊನೆಯ ಚಕ್ರದಲ್ಲಿ ಬಿರುಕು. ಆಮೇಲೆ ನಿಧಾನವಾಗಿ ಅವರ ಬೂದಿ ಕರಗತೊಡಗಿತು. ಹಾಸ್ಟೆಲಿನ ಅಡುಗೆಯವರು ಮಾತ್ರ ನನ್ನ ಹತ್ತಿರ ಬಂದು ಗೋಳಾಡಿದರು: "ಮೇಡಂ, ನಿಮ್ಮ ಹುಡುಗ್ರು ರೊಟ್ಟಿ ಎರಡೂ ಕಡೆ ತಿರುವಿ ಬ್ಯಾಟ್ರಿ ಹಾಕಿ ನೋಡ್ತಾರ್ರೀ. ಉಣ್ಣೂದು ಬಿಟ್ಟು ಪರೀಕ್ಷೆ ಮಾಡಾಕತ್ತಾರ."

ಗುರುಪಾದಪ್ಪ ಬಡಿಗೇರ ಅವರು ವಾಯುಪಡೆಯಲ್ಲಿ ವಿಮಾನಗಳ ಮೈ ತಡವಿಯೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. "ಈ ಮಶೀನಿಗೇನು ಗೊತ್ತಾಕ್ಕೈತಿ" ಎಂದು ಮೊದಲ ವಾರ ಮೂಗು ಮುರಿದರು. ಎರಡನೆಯ ವಾರ ನನಗಿಂತ ಮುಂಚೆ ಬಂದು, "ಇವತ್ತು ಎಲ್ಲಿ ಇಟ್ಟೈತ್ರೀ ಕಿಲಾಡಿ?" ಎಂದು ಕೇಳತೊಡಗಿದರು. ಅವರ ಹ್ಯಾಂಗರಿನಲ್ಲಿ ಎರಡು ಕಾನೂನುಗಳಿಗೆ ಮಾತ್ರ ಕ್ಷಮೆ ಇರಲಿಲ್ಲ. ಒಂದು, ಒಳಗೆ ಬರುವವರು ಜೇಬಿಲ್ಲದ ಅಂಗಿಯನ್ನೇ ಹಾಕಿಕೊಳ್ಳಬೇಕು. ಜೇಬಿನಿಂದ ಬಿದ್ದ ಪೆನ್ನು ಕೂಡ ವಿಮಾನ ಕೆಡವಬಲ್ಲದು. ಇನ್ನೊಂದು ನೆರಳ ಹಲಗೆ. ಗೋಡೆಯ ಹಲಗೆಯ ಮೇಲೆ ಒಂದೊಂದು ಪಾನಾ, ಇಕ್ಕಳ, ಸ್ಕ್ರೂಡ್ರೈವರಿನ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿತ್ತು. ಕೆಲಸ ಮುಗಿದ ಮೇಲೆ ಎಲ್ಲ ನೆರಳುಗಳ ಮೇಲೂ ಅವುಗಳ ಸಾಮಾನು ಬಂದು ಕೂರಬೇಕು. ಒಂದು ನೆರಳು ಖಾಲಿ ಇದ್ದರೂ ಅದು ಸಿಗುವ ತನಕ ಯಾವ ವಿಮಾನವೂ ಕದಲುವಂತಿಲ್ಲ.

ಅವರಿಗೆ ಹುಡುಗರು ಹೆದರುತ್ತಿದ್ದರು ಎಂದರೆ ತಪ್ಪಾಗುತ್ತದೆ. ಅವರನ್ನು ಕಂಡರೆ ಹುಡುಗರಿಗೆ ಭಕ್ತಿ. ನನಗೂ ಅಷ್ಟೇ. ಕಥೆ ಇರುವುದು ಅಲ್ಲೇ.

ಕಿಲಾಡಿಯ ಪಕ್ಕದಲ್ಲೇ ಇನ್ನೊಂದು ವಿಮಾನ ಇತ್ತು, ಗೊರವಂಕ. ಇಬ್ಬರು ಕೂರುವ ಪುಟ್ಟ ವಿಮಾನ. ಗುಜರಿಗೆ ಹೋಗಬೇಕಾಗಿದ್ದ ಅದನ್ನು ಸರ್ ಮತ್ತು ಅವರ ಹುಡುಗರು ವರ್ಷಗಟ್ಟಲೆ ಕೂತು ಮತ್ತೆ ಕಟ್ಟಿದ್ದರು. ಸೋಮವಾರ ಅದು ಮೊದಲ ಸಲ ಹಾರಬೇಕಿತ್ತು. ಹಾರಿಸುವವರು ನನ್ನ ಗಂಡ ಜಯತೀರ್ಥ. ಅವರು ಪಕ್ಕದ ಹಾರಾಟ ಶಾಲೆಯಲ್ಲಿ ಕಲಿಸುವವರು. ಆಕಾಶದಲ್ಲಿ ಎಲ್ಲವೂ ಕಾಣುತ್ತದೆ, ಮನೆಯಲ್ಲಿ ಕಣ್ಣೆದುರಿನ ಉಪ್ಪಿನ ಡಬ್ಬಿ ಕಾಣುವುದಿಲ್ಲ.

ಗೊರವಂಕದ ಬಾಲದೊಳಗೆ ಬೋಲ್ಟು ಹಾಕಿ ಕೂಡಿಸುವ ಒಂದು ಸಂದು, ಅಂದರೆ ಕೀಲು, ಇದೆ. ಪೈಲಟ್ ಕೈಯಲ್ಲಿನ ಸ್ಟಿಕ್ಕನ್ನು ಎಳೆದರೆ ತಂತಿಯೊಂದು ಅಲ್ಲಿನ ಸಲಾಕೆಯನ್ನು ಎಳೆದು, ಬಾಲದ ರೆಕ್ಕೆ ಮೇಲೆದ್ದು, ವಿಮಾನ ಮೂತಿ ಎತ್ತುತ್ತದೆ. ಆ ಸಂದಿನ ಬೋಲ್ಟನ್ನು ಶುಕ್ರವಾರ ಸರ್ ತಾವೇ ಕೂರಿಸಿದರು. "ಗುರುಗಳ ನೋಟ ಹೆಂಗಿರತದ ಅಂತ ಹುಡುಗ್ರಿಗೆ ತೋರಿಸ್ತೀನಿ ಸರ. ಈ ಕೆಲಸ ನನ್ನ ಕನ್ನಡಕ ಹಾಕ್ಕೊಂಡೇ ಮಾಡ್ರಿ" ಎಂದು ನಾನು ದುಂಬಾಲು ಬಿದ್ದಿದ್ದೆ. ಅವರ ನಂಬರಿನ ಗಾಜನ್ನೇ ಅದಕ್ಕೆ ಕೂರಿಸಿದ್ದೆ.

"ಚಾಳೀಸು ತೆಗೀರಿ ಸರ, ಒಂದರ ಮ್ಯಾಲೆ ಒಂದು ಕೂಡೂದಿಲ್ಲ" ಎಂದೆ. ಹತ್ತಿರದ ಕೆಲಸಕ್ಕೆಂದು ಅವರು ಯಾವಾಗಲೂ ಕೊರಳಿಗೆ ಕಪ್ಪು ದಾರದಲ್ಲಿ ನೇತುಹಾಕಿಕೊಳ್ಳುತ್ತಿದ್ದ ಕನ್ನಡಕ, ನಮ್ಮ ಕಡೆಯ ಮಾತಿನಲ್ಲಿ ಚಾಳೀಸು. ಗೊಣಗುತ್ತಲೇ ದಾರದ ಸಮೇತ ತೆಗೆದರು. ನಾನು ಪರದೆ ನೋಡಲು ಕಂಟ್ರೋಲ್ ರೂಮಿಗೆ ಓಡಿದೆ.

ಸರ್ ಕೆಲಸ ಮುಗಿಸಿದರು. ಮಾಡಿದವರೇ ತಮ್ಮ ಕೆಲಸಕ್ಕೆ ಒಪ್ಪಿಗೆ ಕೊಡುವಂತಿಲ್ಲ. ಇನ್ನೊಬ್ಬರು ತಮ್ಮ ಕಣ್ಣಿನಿಂದ ನೋಡಿ ಎರಡನೆಯ ಸಹಿ ಹಾಕಬೇಕು. ಆ ಸಹಿ ದಾಕ್ಷಾಯಣಿ ಕಮ್ಮಾರಳದು. ನವಲಗುಂದದ ಹುಡುಗಿ, ತರಗತಿಯಲ್ಲೇ ಜಾಣೆ, ಕಿಲಾಡಿಗೆ ಎಲ್ಲರಿಗಿಂತ ಹೆಚ್ಚು ಸಲ ಮಣ್ಣು ಮುಕ್ಕಿಸಿದವಳು. ಅವಳೂ ನೋಟದ ಕನ್ನಡಕ ಹಾಕಿಕೊಂಡು, ಬಾಲದ ಪುಟ್ಟ ಕಿಟಕಿಯಲ್ಲಿ ಬ್ಯಾಟರಿ ಬಿಟ್ಟು ನೋಡಿ ಸಹಿ ಹಾಕಿದಳು. ನೆರಳ ಹಲಗೆ ಭರ್ತಿಯಾಗಿತ್ತು. ಕಿಟಕಿಯ ಮುಚ್ಚಳವನ್ನು ತಿರುಪು ಹಾಕಿ ಮುಚ್ಚಿದರು.

ಅಂದು ಸಂಜೆ ಸರ್ ಹೆಂಡತಿ ನೀಲಕ್ಕ ನಮ್ಮ ಮನೆಗೆ ಬಂದರು. ಕ್ವಾರ್ಟರ್ಸಿನಲ್ಲಿ ನಮ್ಮ ಅಡುಗೆಮನೆಗೂ ಅವರ ಅಡುಗೆಮನೆಗೂ ನಡುವೆ ಇರುವುದು ಒಂದೇ ಗೋಡೆ.

"ನಮ್ಮ ಮನ್ಯಾವ್ರ ಚಾಳೀಸು ಇಲ್ಲೇನರ ಬಿಟ್ಟಾರೇನ್ ಮಂದಾ? ಹಾಸಿಗಿ ಝಾಡಿಸಿದ್ವಿ, ದೇವರ ಜಗಲಿ ಹುಡುಕಿದ್ವಿ. ಈಗ ನನ್ನ ಚಾಳೀಸು ಹಾಕ್ಕೊಂಡು ಪೇಪರ್ ಓದಾಕತ್ತಾರ. ನೋಡಿ ನಗು ತಡಿಯಾಕ ಆಗವಲ್ದು."

"ಶಾಲಿಯೊಳಗ ಇರಬೇಕು ನೋಡ್ರಿ" ಎಂದೆ.

"ಹಂಗ ಅಂದೆ. 'ಹಲಗಿ ಭರ್ತಿ ಆಗಿತ್ತು, ಅಲ್ಲೇನೂ ಉಳದಿಲ್ಲ' ಅಂತ ನನಗ ಬೈದ್ರು."

ಹೂವಿನ ಚಿತ್ತಾರದ ಚಾಳೀಸಿನಲ್ಲಿ ಸರ್ ಹೇಗೆ ಕಾಣುತ್ತಾರೆ ಎಂದು ನೆನೆದು ಜಯತೀರ್ಥರೂ ಸೇರಿ ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನಂತೂ ಕಣ್ಣೊರೆಸಿಕೊಂಡೆ.

ಮರುದಿನ ಬೆಳಿಗ್ಗೆ ಕಂಟ್ರೋಲ್ ರೂಮಿನಲ್ಲಿ ಕೂತು ಸರ್ ನೋಟವನ್ನೂ ಹುಡುಗರ ನೋಟವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡತೊಡಗಿದೆ. ಕಿಲಾಡಿಯ ವಿಚಾರದಲ್ಲಿ ಒಂದು ತಕರಾರು ನನ್ನನ್ನು ಬಹಳ ದಿನದಿಂದ ಕಾಡುತ್ತಿತ್ತು. ಒಬ್ಬೊಬ್ಬರ ಬೂದಿ ಒಂದೊಂದು ಕಡೆ ಇರಬೇಕು. ಆದರೆ ಕೆಲವು ದಿನ ಇಡೀ ತರಗತಿಗೆ ಒಂದೇ ಜಾಗದಲ್ಲಿ ಬೂದಿ ಬೀಳುತ್ತಿತ್ತು. ಒಮ್ಮೆ ರೆಕ್ಕೆಯ ಬುಡ, ಒಮ್ಮೆ ಮೂತಿ, ಒಮ್ಮೆ ಬಾಗಿಲ ಕೀಲು. ನನ್ನ ಪ್ರೋಗ್ರಾಮಿನಲ್ಲೇ ಹುಳುಕಿದೆ ಎಂದು ತಿಳಿದು ಅದನ್ನು ಬಿಚ್ಚಿ ಕಟ್ಟಿ ಸಾಕಾಗಿದ್ದೆ. ಈಗ ಸರ್ ಪಾಠ ಮಾಡುವಾಗಿನ ವಿಡಿಯೋವನ್ನು ಅದರ ಪಕ್ಕಕ್ಕೆ ಹಚ್ಚಿದೆ.

ರೆಕ್ಕೆಯ ಬುಡಕ್ಕೆ ಬೂದಿ ಬಿದ್ದ ದಿನ ಸರ್ ಅಲ್ಲಿ ಕೈಯಿಟ್ಟು ನಿಂತು ಪಾಠ ಮಾಡಿದ್ದರು. ಮೂತಿಗೆ ಬಿದ್ದ ದಿನ ಮೂತಿಯನ್ನು ತಟ್ಟಿ ತೋರಿಸಿದ್ದರು. ಅವರು ರಜೆಯಲ್ಲಿದ್ದ ದಿನ ಎಲ್ಲರಿಗೂ ಒಂದೇ ಕಡೆ ಬಿದ್ದ ಬೂದಿಯೇ ಇಲ್ಲ.

ಪ್ರೋಗ್ರಾಮಿನಲ್ಲಿ ಹುಳುಕಿರಲಿಲ್ಲ. ಸರ್ ನೋಡಿದ ಜಾಗವನ್ನು ಹುಡುಗರು ನೋಡುತ್ತಿರಲಿಲ್ಲ, ಅಷ್ಟೇ. ಕಣ್ಣು ಹೋಗುತ್ತಿತ್ತು, ವಿನಯದಿಂದ ನಿಲ್ಲುತ್ತಿತ್ತು. ಮನಸ್ಸು ಮಾತ್ರ ಸರ್ ನೋಡಿದ್ದಾರಲ್ಲ ಎಂದು ಮುಂದೆ ಹೋಗಿಬಿಡುತ್ತಿತ್ತು. ಗುರುಗಳು ನೋಡಿದ್ದನ್ನು ಮತ್ತೆ ನೋಡುವುದು ನಮ್ಮಲ್ಲಿ ಉದ್ಧಟತನ. ಚಿಕ್ಕಂದಿನಿಂದ ನಾವು ಕಲಿತದ್ದೇ ಹಾಗೆ. ಕಿಲಾಡಿ ಇದನ್ನು ನನಗಿಂತ ಎಷ್ಟೋ ಮುಂಚೆ ಕಂಡುಕೊಂಡಿತ್ತು.

ಗೊರವಂಕದ ಮೇಲೆ ದಾಕ್ಷಾಯಣಿಯ ನೋಟವನ್ನು ತೆರೆದೆ. ಬಾಲವೆಲ್ಲ ಹಸಿರು, ಹೊಸ ಪೈರಿನಂತೆ. ಸರ್ ಕೆಲಸ ಮಾಡಿದ ಆ ಪುಟ್ಟ ಕಿಟಕಿಯೊಳಗೆ ಮಾತ್ರ ಬೂದಿ. ಅವಳ ಕಣ್ಣು ಬೋಲ್ಟಿನ ಮೇಲೆ ಬಹಳ ಹೊತ್ತು ಇತ್ತು. ಅವಳು ಏನನ್ನೂ ಕಂಡಿರಲಿಲ್ಲ.

ಸೋಮವಾರ ಆ ವಿಮಾನದಲ್ಲಿ ಕೂರುವವರು ಮನೆಯಲ್ಲಿ ಚಪಾತಿ ತಿನ್ನುತ್ತಿದ್ದರು. ಹೋಗಿ ಎಲ್ಲ ಹೇಳಿದೆ.

"ಸರ ಮಾಡ್ಯಾರ, ಸರ ನೋಡ್ಯಾರ. ಇನ್ನೇನದ ಅದರಾಗ?" ಎಂದರು ಜಯತೀರ್ಥ.

"ಅದೇ ನೋಡ್ರಿ ರೋಗ. ನಿಮಗೂ ಅದ, ನನಗೂ ಅದ. ಆ ಬೋಲ್ಟನ್ನ ಸರ ಬಿಟ್ಟು ಬ್ಯಾರೆ ಯಾರೂ ನೋಡಿಲ್ಲ."

"ಈಗ ಹೋಗಿ ಅವರ ಮುಂದ ಹೆಂಗ ಹೇಳ್ತಿ? ನಿಮ್ಮ ಕೆಲಸ ಬಿಚ್ಚಿ ತೋರಿಸ್ರಿ ಅಂತ? ಮನಸಿಗೆ ಹಚ್ಕೋತಾರ ಮಂದಾ."

"ಹಚ್ಕೊಳ್ಳಲಿ. ನೀವು ವಾಪಸ್ ಇಳೀಬೇಕಲ್ಲ?"

ಅವರು ಚಪಾತಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಇಷ್ಟು ಹೇಳಿದ ನಾನೇ ಅಂದೂ ಮರುದಿನವೂ ಸರ್ ಮನೆಯ ಬಾಗಿಲ ತನಕ ಹೋಗಿ ಹಿಂದಿರುಗಿದೆ. ಅವರು ಸ್ಕೂಟರ್ ಒರೆಸುತ್ತಿರುವುದನ್ನು ಕಂಡರೆ ಸಾಕು, ಬಾಯಿ ಕಟ್ಟಿಹೋಗುತ್ತಿತ್ತು.

ಸೋಮವಾರ ಬೆಳಿಗ್ಗೆ ಗೊರವಂಕವನ್ನು ಬಿಸಿಲಿಗೆ ತಂದು ನಿಲ್ಲಿಸಿದ್ದರು. ಮೂತಿಗೆ ವಿಭೂತಿ, ಚೆಂಡು ಹೂವಿನ ಮಾಲೆ. ಹುಡುಗರೆಲ್ಲ ಇಸ್ತ್ರಿ ಹಾಕಿದ ಅಂಗಿಯಲ್ಲಿದ್ದರು. ಜಯತೀರ್ಥ ಏಣಿಯ ಮೇಲೆ ಕಾಲಿಟ್ಟಿದ್ದರು. ಆ ಕಾಲು ನೋಡಿದ್ದೇ ನನಗೆ ಬಾಯಿ ಬಂತು.

"ಸರ, ಹಾರಿಸಬ್ಯಾಡ್ರಿ. ಬಾಲದ ಕಿಟಕಿ ಇನ್ನೊಮ್ಮೆ ಬಿಚ್ಚಬೇಕು."

ಸರ್ ತಿರುಗಿದರು. ಮೂಗಿನ ಮೇಲೆ ನೀಲಕ್ಕನ ಹೂವಿನ ಚಾಳೀಸು ಇತ್ತು. ಆದರೆ ಅಂದು ಯಾರಿಗೂ ನಗು ಬರಲಿಲ್ಲ. ನಾನು ತಡವರಿಸುತ್ತ ಬೂದಿಯ ವಿಷಯ ಹೇಳಿದೆ. ಕೇಳುತ್ತ ಅವರ ಮುಖ ಕೆಂಪಗಾಯಿತು.

"ಅಂದ್ರ ನನ್ನ ಕೆಲಸದ ಮ್ಯಾಲೆ ಅನುಮಾನ ಏನ್ರೀ ನಿಮಗ?"

"ನಿಮ್ಮ ಕೆಲಸದ ಮ್ಯಾಲೆ ಅಲ್ಲ ಸರ. ಅದನ್ನ ಎರಡನೇದವರು ಯಾರೂ ಕಂಡಿಲ್ಲ, ಅದರ ಮ್ಯಾಲೆ."

"ದಾಕ್ಷಾಯಣಿ, ಬಾ ಇಲ್ಲೆ!" ಅವಳು ಓಡಿ ಬಂದಳು. "ಆ ಸಂದು ನೋಡಿ ಸಹಿ ಮಾಡೀಯಲ್ಲವ್ವಾ?"

"ನೋಡೇನ್ರಿ ಸರ."

"ಬೋಲ್ಟಿನ ನಟ್ಟು ಸಡ್ಲ ಆಗಬಾರದು ಅಂತ ಪಿನ್ನು ಹಾಕೀನಿ. ಅದರ ಎರಡು ಕಾಲು ಯಾವ ಕಡೆ ಬಗ್ಗಿಸೀನಿ? ಹೇಳಿಬಿಡು ಈ ಮೇಡಂಗ."

ದಾಕ್ಷಾಯಣಿ ಎರಡು ಬೆರಳನ್ನು ಒಮ್ಮೆ ಮೇಲೆ, ಒಮ್ಮೆ ಪಕ್ಕಕ್ಕೆ ಬಗ್ಗಿಸಿ ನೋಡಿಕೊಂಡಳು. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ನೀವು ಮಾಡಿದ್ರಲ್ಲರೀ ಸರ..." ಎಂದಳು.

ಆ ಮಾತು ಅವರಿಗೆ ಎಲ್ಲಿ ತಾಕಿತೆಂದು ನಾನು ನೋಡಿದೆ. ಸಿಟ್ಟು ಇಳಿದುಹೋಗಿ ಮುಖ ಒಮ್ಮೆಲೇ ಮುದುಕನದಾಯಿತು.

"ಗಾಡಿ ಒಳಗ ತಗೋರಿ" ಎಂದರು.

ಹೂಮಾಲೆಯ ಸಮೇತ ವಿಮಾನ ಹ್ಯಾಂಗರಿಗೆ ಹಿಂದಿರುಗಿತು. ದಾಕ್ಷಾಯಣಿ ತಾನೇ ತಿರುಪು ಬಿಚ್ಚಿ, ಕಿಟಕಿಗೆ ಮುಖವಿಟ್ಟು ಬ್ಯಾಟರಿ ಬಿಟ್ಟಳು.

"ಬೋಲ್ಟು ಘಟ್ಟಿ ಐತ್ರಿ. ಪಿನ್ನು ಐತಿ. ಒಂದು ಕಾಲು ಮ್ಯಾಲೆ, ಒಂದು ಕಾಲು ಕೆಳಗ. ಸರಿ ಐತ್ರಿ ಸರ!"

ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. "ನಾ ಹೇಳಿರಲಿಲ್ಲೇನು" ಎಂದು ಜಯತೀರ್ಥ ನನ್ನ ಕಿವಿಯಲ್ಲಿ ಹೇಳಿದರು. ನನಗೆ ಒಂದು ಕಡೆ ಹಾಯೆನಿಸಿದರೆ ಇನ್ನೊಂದು ಕಡೆ ತಲೆ ಎತ್ತಲಾಗದಷ್ಟು ನಾಚಿಕೆ. ಶುಭದಿನದಂದು ಎಲ್ಲರೆದುರು ಹಿರಿಯರನ್ನು ಅವಮಾನ ಮಾಡಿದ್ದೆನಲ್ಲ.

ಆದರೆ ಸರ್ ಮುಚ್ಚಳ ಹಾಕಲು ಬಿಡಲಿಲ್ಲ.

"ನಾ ಕೇಳಿದ್ದು ನೋಡ್ದಿ. ನಾ ಕೇಳಲಾರದ್ದು ನೋಡು. ನಾ ಇಲ್ಲೇ ಇಲ್ಲ ಅಂತ ತಿಳ್ಕೋ."

ದಾಕ್ಷಾಯಣಿ ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದಳು. ಈ ಸಲ ಅವಳು ಬೋಲ್ಟಿನ ಕಡೆ ಹೋಗಲಿಲ್ಲ. ಬ್ಯಾಟರಿಯನ್ನು ಮೇಲೆ, ಪಕ್ಕಕ್ಕೆ, ಆಮೇಲೆ ಕೆಳಗೆ ತಿರುಗಿಸಿದಳು. ಭುಜದ ತನಕ ಒಳಗೆ ಹೋದಳು. ಆಮೇಲೆ ಅಲ್ಲಾಡದೆ ನಿಂತುಬಿಟ್ಟಳು.

"ಸರ... ಇಲ್ಲೆ ಒಂದು ಕರೇ ದಾರ ಕಾಣಾಕತ್ತೈತ್ರಿ."

"ಮುಟ್ಟಬ್ಯಾಡ" ಎಂದು ಸರ್ ತಾವೇ ಬಗ್ಗಿ ನೋಡಿದರು. ನೆಟ್ಟಗಾದಾಗ ಹೂವಿನ ಚಾಳೀಸಿನ ಹಿಂದೆ ಅವರ ಕಣ್ಣು ಮಿಟುಕುತ್ತಲೇ ಇರಲಿಲ್ಲ.

ಸಂದಿನ ಪಕ್ಕದ ಅಂಚಿನ ಮೇಲೆ, ಬಹಳ ಜೋಪಾನವಾಗಿ ಮಡಚಿಟ್ಟಂತೆ, ಅವರ ಚಾಳೀಸು ಇತ್ತು.

ಎಲ್ಲರೂ ಗೋಡೆಯ ನೆರಳ ಹಲಗೆಯನ್ನು ತಿರುಗಿ ನೋಡಿದೆವು. ಅದು ಭರ್ತಿಯಾಗಿಯೇ ಇತ್ತು. ಪಾನಾಕ್ಕೆ ನೆರಳಿತ್ತು, ಇಕ್ಕಳಕ್ಕೆ ನೆರಳಿತ್ತು. ಚಾಳೀಸಿಗೆ ಯಾರೂ ನೆರಳು ಬರೆದಿರಲಿಲ್ಲ. ಅಂಗಿಗೆ ಜೇಬಿರಲಿಲ್ಲ. 'ಚಾಳೀಸು ತೆಗೀರಿ ಸರ' ಎಂದವಳು ನಾನು. ತೆಗೆದು ಎಲ್ಲಿಡುತ್ತಾರೆ ಎಂದು ನೋಡದೆ ಓಡಿದವಳೂ ನಾನೇ. ಜನರ ಕಣ್ಣು ಎಲ್ಲೆಲ್ಲಿ ಕುರುಡು ಎಂದು ತೋರಿಸುವ ಯಂತ್ರ ಕಟ್ಟಿದವಳಿಗೆ ಇದಕ್ಕಿಂತ ದೊಡ್ಡ ಮಂಗಳಾರತಿ ಬೇಡ.

"ಜಯತೀರ್ಥ, ಒಳಗ ಕೂಡ್ರಿ. ಹೇಳಿದಾಗ ಸ್ಟಿಕ್ ಎಳೀರಿ" ಎಂದರು ಸರ್. ಆಮೇಲೆ ಹುಡುಗರ ಕಡೆ ತಿರುಗಿದರು. "ಗಾಡಿ ಮೂತಿ ಎತ್ತಿದಾಗ ಬಾಲ ಕೆಳಗಾಗತೈತಿ. ಆಗ ಇದು ಇಲ್ಲೇ ಕುಂತಿರತೈತೇನು? ಜಾರತೈತಿ." ಬೆರಳಿನಿಂದ ಚಾಳೀಸನ್ನು ಅಂಚಿನಿಂದ ಜಾರಿಸಿದರು. ಅದು ಸಲಾಕೆಯ ಪಕ್ಕಕ್ಕೆ ಬಿದ್ದ ಸದ್ದು ಕೇಳಿಸಿತು. "ಎಳೀರಿ."

ಬಾಲದ ರೆಕ್ಕೆ ಮೇಲೇಳತೊಡಗಿತು. ಒಳಗೆ ಗಾಜು ಪುಡಿಯಾದ ಸದ್ದು. ರೆಕ್ಕೆ ಅರ್ಧಕ್ಕೇ ನಿಂತಿತು.

"ಈಗ ಮುಂದ ಒತ್ರಿ."

ರೆಕ್ಕೆ ಕದಲಲಿಲ್ಲ. ಒಳಗಿನಿಂದ ನನ್ನ ಗಂಡನ ಧ್ವನಿ ಬಂತು. ಅಷ್ಟು ಸಣ್ಣ ಧ್ವನಿಯನ್ನು ನಾನು ಅವರ ಬಾಯಿಂದ ಎಂದೂ ಕೇಳಿರಲಿಲ್ಲ. "ಬರವಲ್ದು ಸರ. ಎರಡೂ ಕಡೆ ಬರವಲ್ದು."

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ನಾಚಿಕೆಯೇನೂ ಆಗಲಿಲ್ಲ. ಜಯತೀರ್ಥ ಇಳಿದು ಬಂದು ಪಕ್ಕದಲ್ಲಿ ಕೂತರು.

ಸರ್ ಸೊಟ್ಟಗಾದ ಚಾಳೀಸನ್ನು ಕೈಯಲ್ಲಿ ಹಿಡಿದು ನಿಂತಿದ್ದರು. "ಇಷ್ಟು ವರ್ಷ ನಿಮಗ ಎಲ್ಲಾ ಕಲಿಸಿದೆ. ನನ್ನ ಮ್ಯಾಲೆ ಅನುಮಾನ ಪಡೂದೊಂದು ಕಲಿಸಲಿಲ್ಲ" ಎಂದರು.

"ತಪ್ಪು ನಂದ್ರೀ ಸರ" ಎಂದಳು ದಾಕ್ಷಾಯಣಿ.

"ನಿಂದೂ ಐತಿ, ನಂದೂ ಐತಿ, ಮೇಡಂರದೂ ಐತಿ. ಯಾರದು ಎಷ್ಟು ಅಂತ ತೂಗೂದು ಬ್ಯಾಡ. ನಡದದ್ದು ನಡದಂಗ ಎಲ್ಲಾರ ಮುಂದ ಹೇಳೂನು. ಮುಂದಿನವರು ಉಳೀತಾರ."

ಮಾರನೆಯ ದಿನ ಗಾಜಿನ ಚೂರುಗಳನ್ನೆಲ್ಲ ತೆಗೆದು, ಚೂರು ಚೂರು ಜೋಡಿಸಿ ಗಾಜು ಪೂರ್ತಿ ಸಿಕ್ಕಿತೆಂದು ಖಾತ್ರಿ ಮಾಡಿಕೊಂಡು, ಸರ್ ಸಂದನ್ನು ಮತ್ತೆ ಕೂರಿಸಿದರು. ದಾಕ್ಷಾಯಣಿ ಎರಡನೆಯ ಸಹಿಗೆ ಬಂದಳು. ಕಿಟಕಿಯ ಮುಂದೆ ನಿಂತು ತಡೆತಡೆದು ಹೇಳಿದಳು:

"ಸರ, ನೀವು ಸ್ವಲ್ಪ ಹೊರಗ ಹೋಗ್ರಿ."

ಸರ್ ಹೊರಗೆ ಹೋಗಿ, ಕ್ಲಾಸಿನಿಂದ ಹೊರಹಾಕಿಸಿಕೊಂಡ ಹುಡುಗನ ಹಾಗೆ ಬಿಸಿಲಲ್ಲಿ ನಿಂತರು. ನಾನು ಕಂಟ್ರೋಲ್ ರೂಮಿನ ಕಿಟಕಿಯಿಂದ ನೋಡಿದೆ. ಅವರು ನಗುತ್ತಿದ್ದರು. ಪರದೆಯ ಮೇಲೆ ಆ ಪುಟ್ಟ ಕಿಟಕಿಯ ಒಳಗೆಲ್ಲ ಹಸಿರು ಹರಡುತ್ತ ಬಂತು.

ಗೊರವಂಕ ಹಾರಿತು. ಹತ್ತಿ ಹೊಲಗಳ ಮೇಲೆ ದೊಡ್ಡದೊಂದು ಸುತ್ತು ಹಾಕಿ, ಹುಡುಗರ ಕೂಗಾಟದ ನಡುವೆ ಬಂದು ಇಳಿಯಿತು. ಜಯತೀರ್ಥ ಇಳಿದವರೇ ನನ್ನ ಹತ್ತಿರ ಬರುವ ಮುಂಚೆ ದಾಕ್ಷಾಯಣಿಗೆ ಕೈ ಮುಗಿದರು. ನನಗೆ ಹೊಟ್ಟೆಕಿಚ್ಚಾಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಎಂದಿನಂತೆ ಕೇಳಿದರು. ಆ ಪ್ರಶ್ನೆ ಕೇಳಿ ನನಗಾದಷ್ಟು ಸಂತೋಷ ಲೋಕದಲ್ಲಿ ಯಾವ ಹೆಂಡತಿಗೂ ಆಗಿರಲಿಕ್ಕಿಲ್ಲ.

ಈಗ ನೆರಳ ಹಲಗೆಯ ಮೇಲೆ, ಪಾನಾಗಳ ಪಕ್ಕದಲ್ಲಿ, ಒಂದು ಚಾಳೀಸಿನ ಆಕಾರ ಇದೆ. ದಾಕ್ಷಾಯಣಿಯೇ ಬರೆದದ್ದು. ಬಾಗಿಲಲ್ಲಿ ಅವಳು ನನ್ನನ್ನೂ ನಿಲ್ಲಿಸಿ, ಮುಡಿಯ ಕ್ಲಿಪ್ಪು ತೆಗೆಸಿ ಇಟ್ಟುಕೊಂಡು ಒಳಗೆ ಬಿಡುತ್ತಾಳೆ. ನೀಲಕ್ಕ ಒಮ್ಮೆ ಬಂದು ಹಲಗೆ ನೋಡಿ, "ಇಂಥಾದ್ದೊಂದು ನಮ್ಮ ಮನಿಗೂ ಬರದು ಕೊಡವಾ" ಎಂದು ಹೋದರು.

ಹೊಸ ವರ್ಷದ ಹುಡುಗರು ಬಂದಿದ್ದಾರೆ. ಅವರಿಗೂ ಕಿಲಾಡಿ, ಅವರಿಗೂ ಸರ್. ನಿನ್ನೆ ಹಳಬರು, ಹೊಸಬರು ಎಲ್ಲರನ್ನೂ ಸೇರಿಸಿಕೊಂಡು ಸರ್ ಕಿಲಾಡಿಯ ರೆಕ್ಕೆಯ ಬುಡದ ಮೇಲೆ ಅಂಗೈ ಅಗಲಿಸಿ ಇಟ್ಟರು.

"ಇಲ್ಲೆ ನಾ ನೋಡೇನಿ. ಎಲ್ಲಾ ಛಲೋ ಐತಿ. ಮುಂದ ನಡೀರಿ" ಎಂದರು.

ಹೊಸಬರು ಒಂದು ಹೆಜ್ಜೆ ಮುಂದಿಟ್ಟರು. ಹಳಬರು ಕದಲಲಿಲ್ಲ.

"ತಡೀರಿ ಸರ, ಕೈ ತೆಗೀರಿ" ಎಂದಳು ದಾಕ್ಷಾಯಣಿ.

ಸರ್ ಕೈ ತೆಗೆದರು. ಬಿರುಕು ಅಲ್ಲೇ ಇತ್ತು.